ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ ಮೂತ್ರಪಿಂಡಗಳ ವಿಚಾರ

(ಘತ್ತರಗಿಯಲ್ಲಿ ನೆರೆದ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



2020ರ ಅಕ್ಟೋಬರ್ ತಿಂಗಳಿನಲ್ಲಿ ಭೀಮಾ ನದಿಯು ಉಕ್ಕಿ ಹರಿದುದು ನಿಮ್ಮೆಲ್ಲರ ನೆನಪಿನಲ್ಲಿದೆ. ಮೇಲಿನ ಜಲಾಶಯದಿಂದ ನೀರು ಬಿಡುವರೆಂಬ ಸೂಚನೆ ಬಂದೊಡನೆ ದಂಡೆಯ ಜನರು ದನಕರುಗಳನ್ನೂ ಕಾಳುಕಡಿಯನ್ನೂ ಎತ್ತರದ ಸ್ಥಳಕ್ಕೆ ಸಾಗಿಸುವರು. ಮುನ್ಸೂಚನೆಯು ಹೊಳೆಯನ್ನು ತಡೆಯಲಾರದು. ಆದರೆ ಹಾನಿಯನ್ನು ತಗ್ಗಿಸುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಮೂತ್ರಪಿಂಡಗಳಿಗೆ, ಅಂದರೆ ಕಿಡ್ನಿಗಳಿಗೆ, ಬರಬಹುದಾದ ಅಪಾಯವನ್ನು ಮುಂಚಿತವಾಗಿ ಅಳೆಯುವುದೂ ಇದೇ ಬಗೆಯ ಕಾರ್ಯ.

“ಹೃದಯದ ಆಪರೇಷನ್ ಮಾಡಿಸಿದರೆ ಕಿಡ್ನಿ ಹೋಗುತ್ತದೆ” ಎಂದು ಅಂಜಿ ಚಿಕಿತ್ಸೆಯನ್ನೇ ಬಿಡುವುದು ವಿವೇಕವಲ್ಲ. ಅಪಾಯ ಉಂಟೆಂಬುದು ನಿಜ. ಆದರೆ ಅದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿರುವುದಿಲ್ಲ.

ಹೃದಯದ ಕವಾಟವನ್ನು ಬದಲಿಸುವಾಗ ಹೃದಯವನ್ನು ಕೆಲವು ಹೊತ್ತು ನಿಲ್ಲಿಸಿ, ಯಂತ್ರದ ಮೂಲಕ ರಕ್ತವನ್ನು ದೇಹಕ್ಕೆ ಹರಿಸುತ್ತಾರೆ. ಆಗ ಮೂತ್ರಪಿಂಡಗಳಿಗೆ ದೊರೆಯುವ ರಕ್ತವೂ ಪ್ರಾಣವಾಯುವೂ ಕಡಿಮೆಯಾಗಬಹುದು. ಯಂತ್ರದಲ್ಲಿ ಕೆಲವು ರಕ್ತಕಣಗಳೂ ಒಡೆಯುತ್ತವೆ. ಆರೋಗ್ಯವಂತ ಮೂತ್ರಪಿಂಡಗಳು ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಮೊದಲೇ ಬಳಲಿದವುಗಳಿಗೆ ಅದು ಕಷ್ಟ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 33,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, 2005ರಲ್ಲಿ ಒಂದು ಅಂಕಪದ್ಧತಿಯನ್ನು ಪ್ರಕಟಿಸಿದರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವವರು, ದುರ್ಬಲ ಹೃದಯದವರು, ಹಿಂದೆ ಹೃದಯ ಶಸ್ತ್ರಚಿಕಿತ್ಸೆ ಆದವರು, ತುರ್ತಾಗಿ ಶಸ್ತ್ರಚಿಕಿತ್ಸೆಗೆ ಬಂದವರು ಇವರಿಗೆಲ್ಲ ಅಂಕಗಳುಂಟು. ಹೆಂಗಸರಿಗೂ ಒಂದು ಅಂಕವಿದೆ. ಎಲ್ಲಕ್ಕಿಂತ ಹೆಚ್ಚಿನ ಅಂಕ, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಷ ಬಹಳ ಏರಿರುವವರಿಗೆ. ಅತಿ ಕಡಿಮೆ ಅಂಕದ ಗುಂಪಿನಲ್ಲಿ 1,000ಕ್ಕೆ ಸುಮಾರು 4 ಜನರಿಗೆ ಮಾತ್ರ ಡಯಾಲಿಸಿಸ್ ಬೇಕಾಯಿತು. ಅತಿ ಹೆಚ್ಚು ಅಂಕದವರಲ್ಲಿ 100ಕ್ಕೆ ಸುಮಾರು 21 ಜನರಿಗೆ. ಈ ಸಂಖ್ಯೆಗಳು ಆ ಆಸ್ಪತ್ರೆಯವು. ನಮ್ಮವರಿಗೆ ಹಾಗೆಯೇ ಅನ್ವಯಿಸಲಾರವು. ಆದರೆ ಯಾರನ್ನು ಹೆಚ್ಚು ಜೋಪಾನ ಮಾಡಬೇಕೆಂಬುದನ್ನು ಅವು ತೋರಿಸುತ್ತವೆ.

ಈ ಲೆಕ್ಕ ಸರಿಯಾಗಬೇಕಾದರೆ ನೀವು ನಿಜವನ್ನು ಹೇಳಬೇಕು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಗುಳಿಗೆಗಳು, ನಾಟಿ ಔಷಧಗಳು, ರಕ್ತದೊತ್ತಡ, ಬಸಿರಿನಲ್ಲಿ ಬಂದಿದ್ದ ಬಾವು ಮತ್ತು ಏರಿದ ರಕ್ತದೊತ್ತಡ – ಯಾವುದನ್ನೂ ಮುಚ್ಚಿಡಬಾರದು. ರೋಗಿಯು ಮರೆತುದನ್ನು ಬಾಳಸಂಗಾತಿಯು ನೆನಪಿಸಲಿ. ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬೇಡಿರಿ. ರಕ್ತದೊತ್ತಡದ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ.

ಗಂಡಸರಿಗೆ ಇನ್ನೊಂದು ಮಾತು. ಮಡದಿಗೆ ಏದುಸಿರು ಬಂದರೆ “ರಾಶಿ ಮುಗಿಯಲಿ, ಆಮೇಲೆ ನೋಡೋಣ” ಎಂದು ಮುಂದೂಡಬೇಡಿರಿ. ಕಾಯಿಲೆ ಬಲಿತು ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ ಅಪಾಯದ ಅಂಕಗಳು ಏರುತ್ತವೆ. ಸಕಾಲದಲ್ಲಿ ಹೋದರೆ ವೈದ್ಯರಿಗೆ ರಕ್ತಹೀನತೆಯನ್ನು ಸರಿಪಡಿಸಲು, ಸಕ್ಕರೆಯನ್ನು ಹತೋಟಿಗೆ ತರಲು ಸಮಯ ದೊರೆಯುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಮೊದಲ ಎರಡು ದಿನಗಳು ಮುಖ್ಯವಾದವು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಆರು ಗಂಟೆಗಳ ಕಾಲ ಬಂದರೆ, ಅಥವಾ ಕ್ರಿಯಾಟಿನಿನ್ 48 ಗಂಟೆಗಳೊಳಗೆ 0.3 ಮಿಲಿಗ್ರಾಂ ಏರಿದರೆ, ವೈದ್ಯರು ಅದನ್ನು ಎಚ್ಚರಿಕೆಯ ಗಂಟೆಯೆಂದು ಭಾವಿಸುತ್ತಾರೆ. ಆದುದರಿಂದ ಅಳೆಯದೆ ಮೂತ್ರವನ್ನು ಚೆಲ್ಲಬೇಡಿರಿ. ಪ್ರೀತಿಯಿಂದಲೇ ಆದರೂ ಕೇಳದೆ ನೀರು ಕುಡಿಸಬೇಡಿರಿ.

ನಮ್ಮ ಜಿಲ್ಲಾ ಕೇಂದ್ರವಾದ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. 2024ರ ಡಿಸೆಂಬರ್ ತಿಂಗಳಿನಲ್ಲಿ ಅದರ ಹೊಸ ಕಟ್ಟಡದ ಉದ್ಘಾಟನೆಯಾಯಿತು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನ ಗಂಡಹೆಂಡಿರಿಬ್ಬರೂ ವೈದ್ಯರ ಮುಂದೆ ಕುಳಿತು, “ಮೂತ್ರಪಿಂಡಗಳ ಸ್ಥಿತಿ ಹೇಗಿದೆ?” ಎಂದು ಕೇಳಿರಿ. ಅದನ್ನು ತಿಳಿಯುವುದು ಅಂಜುವುದಕ್ಕಲ್ಲ, ಸಿದ್ಧರಾಗುವುದಕ್ಕೆ.