ವಿಮಾ ಪರಿಹಾರದ ಅರ್ಜಿ ಮತ್ತು ಅರ್ಜಿದಾರರ ಗೌಪ್ಯತೆ

(ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಿಮೆಯ ಬಗ್ಗೆ ಮಾತನಾಡಲು ಬಂದವರು ನೋಂದಣಿ ಹೆಚ್ಚಿಸಿರೆಂದು ಕೋರಿ ಮಾತು ಮುಗಿಸುವುದು ವಾಡಿಕೆ. ನಾನಿಂದು ಅದರ ಮುಂದಿನ ಹಂತವನ್ನು ಕುರಿತು ಮಾತನಾಡಬಯಸುತ್ತೇನೆ. ಪರಿಹಾರ ಕೋರಿ ಅರ್ಜಿ ಹಾಕುವ ದಿನ ಒಂದು ಕುಟುಂಬವು ತನ್ನ ಮನೆಯೊಳಗಿನ ಸಂಗತಿಗಳನ್ನೆಲ್ಲ ಕಾಗದದ ರೂಪದಲ್ಲಿ ನಮ್ಮ ಕೈಗೆ ಕೊಡುತ್ತದೆ. ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಪಹಣಿ, ಆಸ್ಪತ್ರೆಯ ಚೀಟಿ, ಮರಣ ಪ್ರಮಾಣ ಪತ್ರ ಇವೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಆ ಚೀಲವನ್ನು ನಾವು ಹೇಗೆ ತೆರೆಯುತ್ತೇವೆ, ಯಾರ ಮುಂದೆ ತೆರೆಯುತ್ತೇವೆ ಎಂಬುದೇ ಈ ಉಪನ್ಯಾಸದ ವಿಷಯ.

ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ನಡುವಯಸ್ಸಿನ ರೈತರೊಬ್ಬರು ಕಾಯಿಲೆಯಿಂದ ತೀರಿಕೊಂಡಿದ್ದರು. ಅವರ ಉಳಿತಾಯ ಖಾತೆಯಿಂದ ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವಾರ್ಷಿಕ ಕಂತು ಹಲವು ವರ್ಷಗಳಿಂದ ಕಡಿತವಾಗುತ್ತಿತ್ತು. ಊರಿನ ಸದಸ್ಯರೊಬ್ಬರು ಸದುದ್ದೇಶದಿಂದಲೇ ಮುಂದೆ ಬಂದು, ಮನೆಯಲ್ಲಿದ್ದ ಕಾಗದಗಳ ಫೋಟೋ ತೆಗೆದು, ಯಾರಾದರೂ ಬೇಗ ಕೆಲಸ ಮಾಡಿಸಿಕೊಡಲಿ ಎಂದು ವಾಟ್ಸ್‌ಆಪ್ ಗುಂಪಿಗೆ ಹಾಕಿದರು. ಆ ಫೋಟೋಗಳಲ್ಲಿ ಆಸ್ಪತ್ರೆಯ ಬಿಡುಗಡೆ ಪತ್ರವೂ ಇತ್ತು. ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಮೊದಲೇ ಕಾಯಿಲೆಯ ಹೆಸರು ಇಡೀ ಹೋಬಳಿಗೆ ತಿಳಿದಿತ್ತು. ಆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಮಾತುಕತೆಯ ಹಂತದಲ್ಲಿದ್ದ ಸಂಬಂಧ ಅಲ್ಲಿಗೇ ನಿಂತಿತು. ಎರಡು ಲಕ್ಷ ರೂಪಾಯಿ ಪರಿಹಾರವೇನೋ ಬಂತು. ಆದರೆ ಆ ತಾಯಿ ನನ್ನೊಡನೆ ಆಡಿದ ಮಾತು ಹಣದ ಕುರಿತಾಗಿರಲಿಲ್ಲ. "ಆ ಚೀಟಿ ಯಾಕೆ ತೋರಿಸಿದರು ಸ್ವಾಮಿ?" ಎಂಬುದಷ್ಟೇ ಅವರ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಇನ್ನೂ ನೋವಿನದು. ಆ ಚೀಟಿ ಅಗತ್ಯವೇ ಇರಲಿಲ್ಲ. ವರ್ಷಕ್ಕೆ 436 ರೂಪಾಯಿ ಕಂತಿನ ಜೀವನ ಜ್ಯೋತಿ ಯೋಜನೆಯು ಯಾವುದೇ ಕಾರಣದಿಂದ ಸಂಭವಿಸುವ ಮರಣಕ್ಕೂ ಎರಡು ಲಕ್ಷ ರೂಪಾಯಿ ಕೊಡುತ್ತದೆ. ಹೊಸದಾಗಿ ಸೇರಿದವರ ಮೊದಲ 30 ದಿನಗಳ ಅವಧಿಯಲ್ಲಿ ಮಾತ್ರ ಮರಣವು ಅಪಘಾತದಿಂದಾದದ್ದೇ ಎಂದು ನೋಡಲಾಗುತ್ತದೆ. ಉಳಿದಂತೆ ಅರ್ಜಿ ನಮೂನೆ, ಮರಣ ಪ್ರಮಾಣ ಪತ್ರ, ನಾಮಿನಿಯ ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಖಾತೆಯಿರುವ ಬ್ಯಾಂಕ್ ಶಾಖೆಗೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆಯ ಮಾತು ಬೇರೆ. ಅದು ಅಪಘಾತಕ್ಕೆ ಮಾತ್ರ ಅನ್ವಯಿಸುವುದರಿಂದ ಪೊಲೀಸ್ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ, ಹಾವು ಕಡಿತದಂತಹ ಸಂದರ್ಭದಲ್ಲಿ ಆಸ್ಪತ್ರೆಯ ದಾಖಲೆ ಬೇಕಾಗುತ್ತದೆ. ಯಾವ ಯೋಜನೆಗೆ ಯಾವ ಕಾಗದ ಎಂಬುದನ್ನು ತಿಳಿದಿರುವುದೇ ಗೌಪ್ಯತೆಯ ಮೊದಲ ಪಾಠ. ತಿಳಿಯದವನು ಎಲ್ಲವನ್ನೂ ಕೇಳುತ್ತಾನೆ. ತಿಳಿದವನು ಬೇಕಾದಷ್ಟನ್ನೇ ಕೇಳುತ್ತಾನೆ.

ಇದು ಹೊಸ ವಿಚಾರವೂ ಅಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ನೋಂದಣಿ ಪುಸ್ತಕದಲ್ಲಿ ಮರಣದ ಕಾರಣವನ್ನು ಬರೆದಿದ್ದರೂ, ಹೊರಗಿನವರಿಗೆ ಕೊಡುವ ಮರಣದ ಪತ್ರದಲ್ಲಿ ಆ ಕಾರಣವನ್ನು ತೋರಿಸಕೂಡದು ಎಂದು ಆ ಕಾಯ್ದೆಯ 17ನೇ ಪ್ರಕರಣ ವಿಧಿಸಿತು. ನಿಮ್ಮ ಮನೆಯಲ್ಲಿರುವ ಯಾವುದೇ ಮರಣ ಪ್ರಮಾಣ ಪತ್ರವನ್ನು ತೆಗೆದು ನೋಡಿ. ಹೆಸರು, ದಿನಾಂಕ, ಸ್ಥಳ ಇರುತ್ತದೆ, ಕಾರಣವಿರುವುದಿಲ್ಲ. ಅರ್ಧ ಶತಮಾನದ ಹಿಂದೆಯೇ ಕಾನೂನು ಮುಚ್ಚಿಟ್ಟ ಸಂಗತಿಯನ್ನು ನಾವು ಮೊಬೈಲಿನಲ್ಲಿ ಬಿಚ್ಚಿಡುವುದು ಸರಿಯೇ? ಎಚ್‌ಐವಿ ಸೋಂಕಿತರ ವಿಷಯದಲ್ಲಂತೂ 2017ರ ಪ್ರತ್ಯೇಕ ಕಾಯ್ದೆಯೇ ಗೌಪ್ಯತೆಯನ್ನು ಕಡ್ಡಾಯ ಮಾಡಿದೆ.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಆ ಅರ್ಜಿ ಸಲ್ಲಿಸಿದ್ದರು. ಮುಂದೆ 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಯಾವ ಉದ್ದೇಶಕ್ಕೆ ಮಾಹಿತಿ ಪಡೆದೆವೋ ಆ ಉದ್ದೇಶಕ್ಕೆ ಮಾತ್ರ ಬಳಸಬೇಕು ಎಂಬುದು ಅದರ ತಿರುಳು.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಮುಖ್ಯ ವಿಷಯವಾದ ಬೆಳೆ ವಿಮೆಗೆ ಬರೋಣ. ಮಳೆಯನ್ನೇ ನಂಬಿದ ಕಡಲೆಕಾಯಿ, ರಾಗಿ ಬೆಳೆಯುವ ನಮ್ಮ ಸೀಮೆಯಲ್ಲಿ ಬೆಳೆ ವಿಮೆ ಮನೆಮಾತು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ವಿಮಾ ಘಟಕ. ಬೆಳೆ ಕಟಾವು ಪ್ರಯೋಗದ ಇಳುವರಿಯ ಮೇಲೆ ಇಡೀ ಪಂಚಾಯತಿಯ ಪರಿಹಾರ ನಿರ್ಧಾರವಾಗುತ್ತದೆ. ಆದ್ದರಿಂದ "ಅವನಿಗೆ ಬಂತು, ನನಗೇಕೆ ಬರಲಿಲ್ಲ?" ಎಂಬ ಪ್ರಶ್ನೆ ನೇರವಾಗಿ ನಿಮ್ಮ ಬಾಗಿಲಿಗೇ ಬರುತ್ತದೆ. ಆಗ ಸಂಪೂರ್ಣ ಪಟ್ಟಿಯನ್ನು ಹೊರಗೆ ಹಾಕಿರೆಂಬ ಒತ್ತಾಯವೂ ಏಳುತ್ತದೆ.

ಈ ಒತ್ತಾಯದಲ್ಲಿ ನ್ಯಾಯವಿದೆ. ಸರ್ಕಾರದ ಹಣ ಸೇರಿರುವ ಯೋಜನೆಯಲ್ಲಿ ಯಾರಿಗೆ ಎಷ್ಟು ಸಂದಿತೆಂಬುದನ್ನು ಊರು ಕೇಳಬೇಕು. ಬೆಳೆಯದ ಬೆಳೆಗೆ, ಪರರ ಜಮೀನಿಗೆ ವಿಮೆ ಮಾಡಿಸಿದ ಮೋಸ ಹೊರಬೀಳುವುದು ಇಂತಹ ಪಟ್ಟಿಯಿಂದಲೇ. ಗೌಪ್ಯತೆಯ ಹೆಸರಿನಲ್ಲಿ ಅಕ್ರಮವನ್ನು ಮುಚ್ಚಲು ಅವಕಾಶ ಕೊಡಬಾರದು. ಹೆಸರು, ಬೆಳೆ, ವಿಸ್ತೀರ್ಣ, ಪರಿಹಾರದ ಮೊತ್ತ ಇಷ್ಟಿದ್ದರೆ ಊರಿನ ಪರಿಶೀಲನೆಗೆ ಸಾಕು. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಸೂಚನಾ ಫಲಕಕ್ಕೆ ಬರುವ ಅಗತ್ಯವಿಲ್ಲ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯ 29ನೇ ಪ್ರಕರಣ ನಿರ್ಬಂಧಿಸಿದೆ. ಆಧಾರ್ ಜೋಡಣೆಯಾಗದೆ ಹಣ ಜಮೆಯಾಗದವರ ಪಟ್ಟಿಗಳು ಬಂದಾಗ ವಿಶೇಷ ಎಚ್ಚರ ಬೇಕು. ಪಟ್ಟಿಯನ್ನು ಇದ್ದಂತೆಯೇ ಗುಂಪಿಗೆ ಕಳುಹಿಸುವ ಬದಲು ಆಯಾ ರೈತರಿಗೆ ಪ್ರತ್ಯೇಕವಾಗಿ ತಿಳಿಸುವುದು ಕ್ಷೇಮ.

ಸಂಖ್ಯೆಗಳಿಂದ ಏನಾದೀತು ಎಂದು ಕೆಲವರು ಕೇಳಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಹಣ ಕಳೆದುಕೊಂಡವರು ಯಾರಿಗೂ ಒಟಿಪಿ ಹೇಳಿರಲಿಲ್ಲ. 2024ರಲ್ಲಿ ಸ್ಟಾರ್ ಹೆಲ್ತ್ ಆರೋಗ್ಯ ವಿಮಾ ಸಂಸ್ಥೆಯ ಗ್ರಾಹಕರ ದಾಖಲೆಗಳು ಟೆಲಿಗ್ರಾಂನಲ್ಲಿ ಹರಿದಾಡಿದವು. ಅವುಗಳಲ್ಲಿ ಪರಿಹಾರದ ಅರ್ಜಿಗಳೂ ವೈದ್ಯಕೀಯ ವರದಿಗಳೂ ಇದ್ದವು. ದೊಡ್ಡ ಸಂಸ್ಥೆಗಳಿಂದಲೇ ಸೋರುವಾಗ ನಮ್ಮ ಮೊಬೈಲಿನಲ್ಲಿ ಉಳಿದ ಫೋಟೋಗಳು ಎಷ್ಟು ಭದ್ರ? ಮನೆಯಲ್ಲಿ ಸಾವಾಗಿದೆ, ಪರಿಹಾರಕ್ಕೆ ಕಾಯುತ್ತಿದ್ದಾರೆ ಎಂಬುದು ವಂಚಕನಿಗೆ ತಿಳಿದರೆ, "ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ" ಎಂಬ ಕರೆಯನ್ನು ಆ ಕುಟುಂಬ ನಂಬಿಯೇ ನಂಬುತ್ತದೆ.

ಪಾವಗಡದ ಸದಸ್ಯರಿಗೆ ಇನ್ನೊಂದು ಮಾತು. ಮೂರು ಕಡೆ ಆಂಧ್ರದ ಗಡಿಯಿರುವ ನಿಮ್ಮ ತಾಲ್ಲೂಕಿನ ಅನೇಕ ಮನೆಗಳ ಮಾತು ತೆಲುಗು. ನಮೂನೆಗಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಓದಲು ಬಾರದವರು ಅಂಗಡಿಯ ಮುಂದೆ, ಹತ್ತು ಜನರ ನಡುವೆ ತಮ್ಮ ಕಾಗದವನ್ನು ಗಟ್ಟಿಯಾಗಿ ಓದಿಸಿಕೊಳ್ಳಬೇಕಾದ ಸ್ಥಿತಿಯಿದೆ. ಅವರಿಗಾಗಿ ಪಂಚಾಯತಿ ಕಚೇರಿಯ ಒಂದು ಮೂಲೆಯಲ್ಲಿ ಎರಡು ಕುರ್ಚಿ ಹಾಕಿ, ತಗ್ಗಿದ ದನಿಯಲ್ಲಿ ಓದಿ ಹೇಳುವ ಏರ್ಪಾಡು ಮಾಡಿದರೆ ಅದಕ್ಕೆ ಅನುದಾನವೇನೂ ಬೇಕಾಗಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ಚರ್ಚಿಸಿ ನಿರ್ಣಯ ಕೈಗೊಳ್ಳಬೇಕೆಂದು ಕೋರುತ್ತೇನೆ.

1. ವಿಮಾ ಅರ್ಜಿಯ ಯಾವ ಕಾಗದವನ್ನೂ ವಾಟ್ಸ್‌ಆಪ್ ಗುಂಪಿಗೆ ಹಾಕತಕ್ಕದ್ದಲ್ಲ. ಸಂಬಂಧಪಟ್ಟ ಒಬ್ಬರಿಗೆ ಕಳುಹಿಸುವುದು ಅನಿವಾರ್ಯವಾದರೆ, ಕೆಲಸ ಮುಗಿದ ಕೂಡಲೇ ಅಳಿಸತಕ್ಕದ್ದು.

2. ಗುರುತಿಗಷ್ಟೇ ಆಧಾರ್ ಕೇಳಿದಲ್ಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಡುವಂತೆ ತಿಳಿಸತಕ್ಕದ್ದು. ನಕಲು ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಬರೆಸತಕ್ಕದ್ದು.

3. ಹೆಚ್ಚಾದ ಮತ್ತು ಕೆಟ್ಟ ನಕಲು ಪ್ರತಿಗಳನ್ನು ಅರ್ಜಿದಾರರಿಗೇ ಹಿಂದಿರುಗಿಸತಕ್ಕದ್ದು ಇಲ್ಲವೇ ಹರಿದು ಹಾಕತಕ್ಕದ್ದು.

4. ಖಾಲಿ ನಮೂನೆಗೆ ಸಹಿ ಅಥವಾ ಹೆಬ್ಬೆಟ್ಟು ಪಡೆಯತಕ್ಕದ್ದಲ್ಲ. ಒಟಿಪಿಯನ್ನು ಸದಸ್ಯರೂ ಕೇಳತಕ್ಕದ್ದಲ್ಲ.

5. ಸೂಚನಾ ಫಲಕದಲ್ಲಿ ಈ ಸಂಖ್ಯೆಗಳನ್ನು ಬರೆಸತಕ್ಕದ್ದು: ಸೈಬರ್ ವಂಚನೆಗೆ 1930, ಬೆಳೆ ವಿಮೆಗೆ 14447, ವಿಮಾ ಸಂಸ್ಥೆಗಳ ವಿರುದ್ಧದ ದೂರಿಗೆ 155255, ಆಧಾರ್ ಕುರಿತು ಹಾಗೂ ಬಯೋಮೆಟ್ರಿಕ್ ಲಾಕ್ ಮಾಡುವ ಬಗೆ ತಿಳಿಯಲು 1947.

ಮಾನ್ಯರೇ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮೊಬೈಲಿನಿಂದ ಹೊರಟ ಫೋಟೋವೂ ಹಾಗೆಯೇ. ಕಷ್ಟದಲ್ಲಿರುವ ಕುಟುಂಬ ಹಣಕ್ಕಾಗಿ ಮಾನವನ್ನು ಒತ್ತೆಯಿಡಬೇಕಾದ ಸ್ಥಿತಿ ನಮ್ಮ ಪಂಚಾಯತಿಗಳಲ್ಲಿ ಬರಬಾರದು. ನೀವು ಮುಂದೆ ನಿಂತು ಪರಿಹಾರ ಕೊಡಿಸಿರಿ. ಅದರೊಂದಿಗೆ ಆ ಮನೆಯ ಗುಟ್ಟನ್ನೂ ಕಾಯಿರಿ. "ಆ ಚೀಟಿ ಯಾಕೆ ತೋರಿಸಿದರು?" ಎಂದು ಇನ್ನೊಬ್ಬ ತಾಯಿ ಕೇಳದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.