ಮಾತನಾಡದ ಜೀವ, ಮಾತನಾಡುವ ಜಡ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)

 

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ರೈತರು ಜ್ಯೇಷ್ಠದ ಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಕಾರಹುಣ್ಣಿಮೆ ಆಚರಿಸುತ್ತಾರೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನ ಜೋಡೆತ್ತುಗಳಿಗೆ ಪೂಜೆ. ಪೂಜೆ ಎರಡಕ್ಕೂ ಉಂಟು. ಆದರೆ ಮಣ್ಣಿನೆತ್ತಿಗೆ ನೀರಡಿಕೆಯಾಗಿದೆಯೆಂದು ಯಾವ ಒಕ್ಕಲಿಗನೂ ಅದನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗುವುದಿಲ್ಲ. ಜೀವವಾವುದು, ಜಡವಾವುದು ಎಂಬ ವಿವೇಕ ಅಲ್ಲಿ ಕೆಡುವುದಿಲ್ಲ.

ಆ ಮಣ್ಣಿನೆತ್ತು ಬಾಯ್ದೆರೆದು ಕನ್ನಡದಲ್ಲಿಯೇ ಉತ್ತರ ಕೊಡತೊಡಗಿದರೆ? ಇಂದು ಕೈಯೊಳಗಿನ ಮೊಬೈಲ್ ಫೋನು ಅದನ್ನೇ ಮಾಡುತ್ತಿದೆ. ಮಳೆ ಬಂದೀತೇ ಎಂದು ಕೇಳಿದರೆ ಹೇಳುತ್ತದೆ, ಹಾಡೆಂದರೆ ಹಾಡುತ್ತದೆ. ಆಡುವ ಮಕ್ಕಳಷ್ಟೇ ಅಲ್ಲ, ತಿಳಿದವರೂ "ಅದಕ್ಕೆ ಎಲ್ಲ ಗೊತ್ತು", "ಇವತ್ತು ಅದಕ್ಕೆ ಸಿಟ್ಟು ಬಂದಿದೆ" ಎನ್ನತೊಡಗಿದ್ದಾರೆ. ಅದೇ ಮನೆಯ ಹಿತ್ತಿಲಲ್ಲಿ ಕಟ್ಟಿದ ಎತ್ತಿನ ವಿಷಯ ಬಂದರೆ "ಮೂಕ ಪ್ರಾಣಿ, ಅದಕ್ಕೇನು ತಿಳಿದೀತು" ಎಂಬ ಮಾತು.

ಜೀವದ ಲಕ್ಷಣ ಉಪಯೋಗ, ಅಂದರೆ ಜ್ಞಾನ ದರ್ಶನಗಳ ವ್ಯಾಪಾರ, ಎಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಶಬ್ದವನ್ನು ಪುದ್ಗಲದ ಪರ್ಯಾಯಗಳ ಸಾಲಿಗೆ ಸೇರಿಸಿದ್ದಾರೆ. ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ವಾದಿಸುತ್ತಿದ್ದ ನಾಡಿನಲ್ಲಿ ಇದು ದಿಟ್ಟ ಮಾತು. ಧ್ವನಿ ಕೇಳಿಬಂದ ಮಾತ್ರಕ್ಕೆ ಅದರ ಹಿಂದೆ ಜೀವವಿರಲೇಬೇಕೆಂದಿಲ್ಲ. ಯಂತ್ರವು ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸಿ, ಮನುಷ್ಯರೇ ಆಡಿದ, ಬರೆದ ಮಾತುಗಳ ದೊಡ್ಡ ರಾಶಿಯಿಂದ ಕಲಿತ ಮಾದರಿಗಳಂತೆ ಉತ್ತರ ಜೋಡಿಸಿ, ಮತ್ತೆ ಧ್ವನಿಯಾಗಿ ಹೊರಡಿಸುತ್ತದೆ.

ಇಲ್ಲೊಂದು ತೊಡಕುಂಟು, ಅದನ್ನು ಮುಚ್ಚಿಡಬಾರದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಶಿಕ್ಷೆ, ಕ್ರಿಯೆ, ಉಪದೇಶ, ಆಲಾಪಗಳನ್ನು ಮನಸ್ಸಿನ ಆಧಾರದಿಂದ ಗ್ರಹಿಸುವ ಜೀವವನ್ನು ಸಂಜ್ಞಿ ಎನ್ನುತ್ತದೆ. ಫೋನೂ ಹೇಳಿದ್ದನ್ನು ಮಾಡುತ್ತದೆ, ಮಾತಿಗೆ ಮಾತು ಕೊಡುತ್ತದೆ. ಹಾಗಾದರೆ ಅದೂ ಸಂಜ್ಞಿಯೇ? ಅಲ್ಲ. ಆ ಲಕ್ಷಣವನ್ನು ಹೇಳಿದುದು ಜೀವಗಳೊಳಗೆ ಭೇದ ಮಾಡಲು, ಜಡವನ್ನು ಜೀವವಾಗಿಸಲು ಅಲ್ಲ. ವ್ಯಾಖ್ಯಾನಕಾರರು ಅದಕ್ಕೆ ಕೊಟ್ಟ ಉದಾಹರಣೆಗಳೋ, ಎತ್ತು, ಆನೆ, ಗಿಳಿ! ಮೂಕವೆಂದು ತಳ್ಳಿದ ಎತ್ತನ್ನೇ ಶಾಸ್ತ್ರವು ಮನಸ್ಸುಳ್ಳ ಜೀವಗಳ ಸಾಲಿನಲ್ಲಿ ಕೂರಿಸಿದೆ.

ಕೋಲೆಬಸವ ತಲೆಯಾಡಿಸಿ ಭವಿಷ್ಯ ಹೇಳುವುದನ್ನು ಎಲ್ಲರೂ ಕಂಡಿದ್ದಾರೆ. ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. ಪ್ಫುಂಗ್ಸ್ಟ್ ಎಂಬ ವಿದ್ವಾಂಸರು ಪರೀಕ್ಷಿಸಿ 1907ರಲ್ಲಿ ಗುಟ್ಟನ್ನು ಪ್ರಕಟಿಸಿದರು: ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ, ಪ್ರಶ್ನೆ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗಿದರೂ ಅದು ಗುರುತಿಸಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಜನ ಮೋಸವೆಂದು ನಕ್ಕರು. ಕೇಳಿದವನಿಗೇ ತಿಳಿಯದ ಅವನ ಮುಖಚರ್ಯೆಯನ್ನು ಓದುವುದು ಲೆಕ್ಕಕ್ಕಿಂತ ಕಡಿಮೆಯ ವಿದ್ಯೆಯೇ? ಇದಕ್ಕೆ ವಿರುದ್ಧವಾದುದು 1966ರ ಸಂಗತಿ. ಅಮೆರಿಕದ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು, ಕೇಳಿದವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿಸುವ ಎಲಿಜಾ ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ರಚಿಸಿದರು. ಅದು ತಯಾರಾದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಏಕಾಂತದಲ್ಲಿ ಮಾತಾಡಬೇಕು, ತಾವು ಕೋಣೆಯಿಂದ ಹೊರಗಿರಿ ಎಂದರಂತೆ.

ಜಡಕ್ಕೆ ಮನಸ್ಸನ್ನು ಆರೋಪಿಸುವುದು ಬರಿಯ ಭ್ರಮೆ. ಜೀವಕ್ಕೆ ಮನಸ್ಸಿಲ್ಲವೆನ್ನುವುದು ಹಿಂಸೆಗೆ ಬಾಗಿಲು. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಫೋನಿಗೆ ತಗಲುವುದು ಒಂದೂ ಇಲ್ಲ. ಎತ್ತಿಗೆ ಐದೂ ತಗಲುತ್ತವೆ. ವ್ಯಾಪಾರಸ್ಥರಿಗೆ ತೀರ ಹತ್ತಿರದ್ದು ನಾಲ್ಕನೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಈಗ ಬಹುಮಟ್ಟಿಗೆ ಲಾರಿ, ಟ್ರ್ಯಾಕ್ಟರುಗಳಲ್ಲಿ ಸಾಗುತ್ತದೆ ನಿಜ. ಬಂಡಿ ಉಳಿದಿರುವಲ್ಲಿ, ಎರಡನೆಯ ಬಾಡಿಗೆ ಏಕೆಂದು ನಾಲ್ಕು ಚೀಲ ಹೆಚ್ಚು ಹೇರಿದರೆ ಆ ಉಳಿತಾಯ ಖಾತೆಯಲ್ಲಿ ಜಮೆಯಾಗುತ್ತದೆ. ಎತ್ತಿನ ಹೆಗಲ ಹುಣ್ಣನ್ನು ಬರೆಯಲು ಖಾತೆಯಲ್ಲಿ ಕಾಲಮಿಲ್ಲ.

1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಶಾಸನವನ್ನು ಗುರುತಿಸಿದ ಮೇಲೆ ದೇವಾನಾಂಪ್ರಿಯನು ಅಶೋಕನೇ ಎಂಬುದು ಸ್ಥಿರವಾಯಿತು. ಆ ಅರಸನ ಗಿರ್ನಾರದ ಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದುದನ್ನು ಹೇಳುತ್ತದೆ. ಪಶುವಿನ ನೋವನ್ನು ನಂಬಲು ಅದು ಬಾಯ್ಬಿಟ್ಟು ಹೇಳಬೇಕೆಂದು ಅವನು ಕಾದಂತೆ ಕಾಣುವುದಿಲ್ಲ.

ಫೋನಿನ ಬ್ಯಾಟರಿ ಇಳಿದರೆ ಅದು ತಾನಾಗಿ ಸದ್ದುಮಾಡುತ್ತದೆ; ಮನೆಯವರು ಎದ್ದು ಓಡಿ ಚಾರ್ಜಿಗೆ ಹಾಕುತ್ತಾರೆ. ಹಿತ್ತಿಲ ಎತ್ತು ಬೇಸಿಗೆಯ ಮಧ್ಯಾಹ್ನ ಬರಿದಾದ ಬಾನಿಯನ್ನು ಮೂಸಿ, ಬಾಗಿಲ ಕಡೆಗೆ ಕತ್ತು ತಿರುಗಿಸಿ ನಿಂತಿರುತ್ತದೆ.

ಜೈ ಜಿನೇಂದ್ರ.