ಅಡಿಗೆಮನೆಯ ಘಳಿಗೆ



ವಾರ್ಷಿಕೋತ್ಸವದ ವೇದಿಕೆಯನ್ನು ಏರಿದವರು ಅರಸರನ್ನೋ ಕವಿಗಳನ್ನೋ ಶಿವಶರಣರನ್ನೋ ಕುರಿತು ಮಾತಾಡುವದು ವಾಡಿಕೆ. ನಾವು ಇಂದು ಆ ಹಾದಿಯನ್ನು ಬಿಟ್ಟು ನಿಮ್ಮನ್ನು ಅಡಿಗೆಮನೆಗೆ ಕರೆದೊಯ್ಯಬೇಕೆಂದಿದ್ದೇವೆ. ಅಲ್ಲಿಯೂ ಒಲೆಯ ಮೇಲಿನ ಪದಾರ್ಥಗಳ ಕಡೆಗಲ್ಲ; ಅಟ್ಟದ ಮೇಲೆ, ಬಾಗಿಲ ಸಂದಿಯಲ್ಲಿ, ಹಿತ್ತಲ ಮೂಲೆಯಲ್ಲಿ ಧೂಳು ಹೊತ್ತು ಕುಳಿತಿರುವ ಹಳೆಯ ಸಲಕರಣೆಗಳ ಕಡೆಗೆ. ಅವುಗಳೊಳಗೂ, ಅಡಿಗೆಯ ಹೊತ್ತನ್ನು ಅಳೆದು ಕೊಟ್ಟ ಸಾಧನಗಳ ಕಡೆಗೆ ವಿಶೇಷವಾಗಿ. ವಿಷಯವು ಸಣ್ಣದೆಂದು ಕೆಲವರಿಗೆ ತೋರಬಹುದು. ಸಭೆಯ ಅರ್ಧಭಾಗದಲ್ಲಿ ಕುಳಿತಿರುವ ತಾಯಂದಿರಿಗೆ ಹಾಗೆ ತೋರಲಾರದೆಂದು ನಂಬಿದ್ದೇವೆ.

ಪರದೇಶಗಳಲ್ಲಿ ಹಳೆಯ ಅಡಿಗೆಮನೆಯ ಟೈಮರುಗಳನ್ನು ಕೂಡಿಹಾಕುವ ಹವ್ಯಾಸವೊಂದುಂಟು. ಟೈಮರು ಎಂದರೆ ಗಂಟೆ ಎಷ್ಟಾಯಿತೆಂದು ಹೇಳುವ ಗಡಿಯಾರವಲ್ಲ. 60 ನಿಮಿಷಗಳವರೆಗೆ ಗೆರೆ ಕೊರೆದ ಮುಖ, ನಡುವೆ ತಿರುವುವ ಗುಂಡಿ, ಹೊಟ್ಟೆಯೊಳಗೆ ಸುರುಳಿ ಸ್ಪ್ರಿಂಗು, ನಾಲ್ಕಾರು ಹಲ್ಲುಗಾಲಿಗಳು, ಒಂದು ಪುಟ್ಟ ಗಂಟೆ; ಇಷ್ಟೇ ಅದರ ಸಂಸಾರ. ಗುಂಡಿಯನ್ನು ತಿರುವಿದರೆ ಸ್ಪ್ರಿಂಗು ಬಿಗಿಯುವದು. ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತ ಸೊನ್ನೆಗೆ ಮರಳಿದಾಗ ಸುತ್ತಿಗೆಯು ಗಂಟೆಯನ್ನು ಬಡಿಯುವದು. ಐದೇ ನಿಮಿಷ ಬೇಕಾದರೆ ಗುಂಡಿಯನ್ನು ಮೊದಲು ಹದಿನೈದರಾಚೆಗೆ ಒಯ್ದು ಹಿಂದಕ್ಕೆ ಐದಕ್ಕೆ ತರಬೇಕು. ಇಲ್ಲದಿದ್ದರೆ ಸ್ಪ್ರಿಂಗಿಗೆ ಬಿಗಿ ಸಾಲದೆ ಗಂಟೆಯು ಗಂಟಲು ಕಟ್ಟಿದವರಂತೆ ಸದ್ದು ಮಾಡುವದು. ಅಮೇರಿಕೆಯ ವಾಟರ್‌ಬರಿ ಎಂಬ ಊರಿನ ಲಕ್ಸ್ ಕಂಪನಿಯವರ ‘ಮಿನಿಟ್ ಮೈಂಡರ್’ ಈ ಬಗೆಯದು. ಜರ್ಮನಿಯ ಯುಂಗ್ಹಾನ್ಸ್ ಕಂಪನಿಗಾಗಿ ಮ್ಯಾಕ್ಸ್ ಬಿಲ್ ಎಂಬ ಸ್ವಿಸ್ ಕಲಾವಿದನು 1950ರ ದಶಕದಲ್ಲಿ ರೂಪಿಸಿದ ಪಿಂಗಾಣಿಯ ಗೋಡೆಗಡಿಯಾರದಲ್ಲಿ ಮೇಲೆ ಹೊತ್ತಿನ ಮುಖ, ಕೆಳಗೆ ನಿಮಿಷ ಎಣಿಸುವ ಪುಟ್ಟ ಮುಖ. ಅದಕ್ಕಾಗಿ ಇಂದು ಹವ್ಯಾಸಿಗಳು ದೊಡ್ಡ ಬೆಲೆ ತೆರುವರು. ತಾಯಿಯ ಅಡಿಗೆಮನೆಯಲ್ಲಿ ಕೇಳಿದ ಟಿಕ್ ಟಿಕ್ ಸದ್ದು ಮತ್ತೊಮ್ಮೆ ಕಿವಿಗೆ ಬೀಳಲಿ ಎಂಬ ಆಸೆಯೇ ಇದರ ಮೂಲ. ಇದನ್ನು ನಗಬೇಕಾಗಿಲ್ಲ.

ಆದರೆ ನಮ್ಮ ಸೀಮೆಯಲ್ಲಿ ಇಂಥ ಯಂತ್ರವಿದ್ದ ಮನೆಗಳು ಎಷ್ಟು? ಪರದೇಶಕ್ಕೆ ಹೋದ ಮಗನೋ ಮಗಳೋ ತಂದುಕೊಟ್ಟದ್ದು ಎಲ್ಲೋ ಒಂದೆರಡು ಇದ್ದೀತು. ಹಾಗಾದರೆ ನಮ್ಮ ತಾಯಂದಿರು ಹೊತ್ತನ್ನು ಅಳೆಯದೆಯೇ ಅಡಿಗೆ ಮಾಡಿದರೆ? ಖಂಡಿತ ಇಲ್ಲ. ಅಳತೆ ಇತ್ತು, ಅದಕ್ಕೆ ಮುಖವೂ ಮುಳ್ಳೂ ಇರಲಿಲ್ಲ, ಅಷ್ಟೆ.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿರಿ. ನಮ್ಮದು ಜೋಳದ ನಾಡು. ಮೋಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ತಳಿಯು ದಖ್ಖನದ ಉದ್ದಗಲಕ್ಕೂ ಹಬ್ಬಿತು. ಮಂಗಳವೇಢೆಯ ಜೋಳಕ್ಕೆ ಈಚೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆ ಹಿಟ್ಟಿನ ರೊಟ್ಟಿಯನ್ನು ಬಡಿದು ಹಂಚಿಗೆ ಹಾಕಿದ ಕೂಡಲೆ ಮೇಲ್ಮೈಗೆ ನೀರು ಸವರುವರು. ನೀರಿನ ಹೊಳಪು ಮಾಯವಾಗತೊಡಗಿದಾಗ ಮಗುಚಬೇಕು. ಮುಂಚೆಯೇ ಮಗುಚಿದರೆ ಹಂಚಿಗೆ ಅಂಟುವದು; ತಡವಾದರೆ ಮೈ ಬಿರಿದು ಉಬ್ಬದೆ ಹೋಗುವದು. ಆ ಹೊಳಪೇ ಗಡಿಯಾರ. ಕಟ್ಟಿಗೆ ಹಸಿಯಾಗಿದ್ದರೆ ಅದು ತಾನೇ ನಿಧಾನವಾಗುವದು, ಉರಿ ಹೆಚ್ಚಿದರೆ ತಾನೇ ಚುರುಕಾಗುವದು. ಯುಂಗ್ಹಾನ್ಸ್ ಕಂಪನಿಯ ಯಂತ್ರಕ್ಕೆ ಈ ಬುದ್ಧಿ ಇಲ್ಲ. ಅದು ನಿಮಿಷವನ್ನು ಎಣಿಸೀತು, ರೊಟ್ಟಿಯನ್ನು ನೋಡದು. ಬೇಳೆಗೆ ‘ಎರಡು ಕುದಿ’, ಒಗ್ಗರಣೆಗೆ ಸಾಸಿವೆಯ ಸಿಡಿತ, ನಡುವಿನ ಬಿಡುವಿಗೆ ‘ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು’. ಇವೆಲ್ಲ ಅಳತೆಗಳೇ.

ಮನೆಯ ಹೊರಗಿನಿಂದ ಬರುವ ಅಳತೆಯೂ ಇತ್ತು. ಅಕ್ಕಲಕೋಟೆಯಲ್ಲಿ ವಟವೃಕ್ಷ ದೇವಸ್ಥಾನದ ಕಾಕಡಾರತಿ ಕೇಳಿದರೆ ಒಲೆ ಹೊತ್ತಿಸುವ ಸಮಯ. ಸೊಲ್ಲಾಪುರದಲ್ಲಿ ಗಿರಣಿಯ ಭೋಂಗಾ. 1877ರಲ್ಲಿ ಇಲ್ಲಿ ಮೊದಲನೆಯ ದೊಡ್ಡ ನೂಲಿನ ಗಿರಣಿಯು ನಿಂತಿತು. ಜನರು ಅದನ್ನು ‘ಜೂನಿ ಗಿರಣಿ’ ಎಂದೇ ಕರೆದರು. ತರುವಾಯ ಲಕ್ಷ್ಮಿ, ವಿಷ್ಣು, ನರಸಿಂಗ ಗಿರಜಿ ಗಿರಣಿಗಳು ಬಂದವು. ಪಾಳಿಯ ಭೋಂಗಾ ಕೂಗುವದರೊಳಗೆ ಬುತ್ತಿ ಕಟ್ಟಿ ಮುಗಿಯಬೇಕು. ಗಂಡಸರು ಗಿರಣಿಗೆ ಹೋಗದ ಮನೆಗಳಲ್ಲಿಯೂ ಅದೇ ಕೂಗಿಗೆ ಅನ್ನದ ಗಡಿಗೆ ಒಲೆಯೇರುವದು, ಮಕ್ಕಳು ಶಾಲೆಗೆ ಹೊರಡುವದು. ಒಂದು ಪಟ್ಟಣವೆಲ್ಲ ಒಂದೇ ಟೈಮರಿನ ಸದ್ದಿಗೆ ಅಡಿಗೆ ಮಾಡಿತೆಂದರೆ ಹೆಚ್ಚಾಗದು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಭೋಂಗಾಗಳೂ ಬಾಯಿ ಮುಚ್ಚಿದವು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಸಾಗಲಾರೆವು. 1906ರ ಜನವರಿ 1ರಿಂದ ಇಡಿಯ ದೇಶಕ್ಕೆ ಒಂದೇ ಹೊತ್ತನ್ನು ಗೊತ್ತುಪಡಿಸಿದರು. ಮುಂಬಯಿ ಪಟ್ಟಣವು ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನ ಹೊತ್ತನ್ನು 1955ರವರೆಗೆ ಬಿಡಲೊಲ್ಲದೆ ಕುಳಿತಿತು. ಸೊಲ್ಲಾಪುರದ ನೆತ್ತಿಗೆ ಸೂರ್ಯನು ಬರುವದು, ವರುಷದ ಸರಾಸರಿ ಹಿಡಿದರೆ, ಗಡಿಯಾರದಲ್ಲಿ ಹನ್ನೆರಡು ಹೊಡೆದು ಸುಮಾರು 26 ನಿಮಿಷಗಳಾದ ಮೇಲೆ. ಅಂಗಳದ ನೆರಳನ್ನು ನೋಡಿ ನಡೆಯುವ ಅತ್ತೆಗೂ ಭೋಂಗಾ ಕೇಳಿ ನಡೆಯುವ ಸೊಸೆಗೂ ನಡುವೆ ಈ ಅಂತರವು ಸದಾ ಇದ್ದೇ ಇತ್ತು. ಅದು ಎಷ್ಟು? ಒಂದು ಘಳಿಗೆ ಮತ್ತು ಎರಡು ನಿಮಿಷ. ಘಳಿಗೆಯೆಂದರೆ 24 ನಿಮಿಷ. ಹಗಲು ಇರುಳು ಕೂಡಿ 60 ಘಳಿಗೆ.

ಘಳಿಗೆಯ ಮಾತು ಬಂದುದರಿಂದ ನಾವು ಕಣ್ಣಾರೆ ಕಂಡುದನ್ನು ಹೇಳುವೆವು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ, ಹಿಂದೆ ಪಂಚಾಂಗ ಹೇಳುತ್ತಿದ್ದ ಮನೆತನದವರು, ಹಳೆಯ ಪಾತ್ರೆಗಳನ್ನು ಭಂಗಾರದವನಿಗೆ ಕೊಡಲು ಪಡಸಾಲೆಯಲ್ಲಿ ಗುಡ್ಡೆ ಹಾಕಿದ್ದರು. (ನಮ್ಮ ಕಡೆಗೆ ಬಂಗಾರಕ್ಕೂ ಭಂಗಾರಕ್ಕೂ ಒಂದು ಮಹಾಪ್ರಾಣದ ಅಂತರ ಮಾತ್ರ, ಬೆಲೆಯಲ್ಲಿ ಎಷ್ಟು ಅಂತರವೆಂಬದು ತಕ್ಕಡಿ ಹಿಡಿದವನಿಗೆ ಗೊತ್ತು.) ಆ ಗುಡ್ಡೆಯೊಳಗೆ ತೆಳ್ಳನೆಯ ತಾಮ್ರದ ಒಂದು ಬಟ್ಟಲು. ದೇವರ ಮನೆಯಲ್ಲಿ ಅಕ್ಷತೆ ಇಡಲು ಬಳಸುತ್ತಿದ್ದರಂತೆ. ತಳದಲ್ಲಿ ಮೇಣದ ಚುಕ್ಕೆ. ‘ತೂತು ಬಿದ್ದದ ರೀ, ಅದಕ್ಕs ಮೇಣ ಹಚ್ಚೇವಿ’ ಎಂದು ಮನೆಯ ಯಜಮಾನರು ಹೇಳಿದರು. ಬಟ್ಟಲನ್ನು ತಿರುವಿ ನೋಡಿದಾಗ ತೂತು ಸವೆದು ಆದದ್ದಲ್ಲ, ಸರಿಯಾಗಿ ನಡುಮಧ್ಯದಲ್ಲಿ ಕೊರೆದದ್ದೆಂದು ತಿಳಿಯಿತು. ಅಷ್ಟರಲ್ಲಿ ಒಳಗಿನಿಂದ ತೊಂಬತ್ತು ದಾಟಿದ ಆಯಿಯವರು ಕೋಲು ಊರುತ್ತ ಬಂದರು. ಬಟ್ಟಲನ್ನು ಕೈಗೆ ತೆಗೆದುಕೊಂಡು, ‘ಇದು ಘಳಿಗಿ ಬಟ್ಟಲಲ್ಲಾ ತಮ್ಮಾ! ನನ್ನ ಲಗ್ನದಾಗ ಇದನ್ನs ಹರವಿ ನೀರಾಗ ಬಿಟ್ಟಿದ್ದರು. ಮುಳಗಿದ ಮ್ಯಾಲೆ ಅಕ್ಕಿಕಾಳು ಒಗದರು’ ಎಂದರು. ಬಟ್ಟಲ ಬಳಿ ಒಬ್ಬ ಹುಡುಗನನ್ನು ಕೂರಿಸಿದ್ದರಂತೆ. ಮುಳುಗಿದೊಡನೆ ಕೂಗಿ ಹೇಳುವದು ಅವನ ಕೆಲಸ. ಅವನು ತೂಕಡಿಸಿದನೆಂದು ಆಯಿಯವರು ಎಪ್ಪತ್ತು ವರುಷಗಳ ಮೇಲೆಯೂ ನಕ್ಕರು.

ಮೇಣವನ್ನು ತೆಗೆದು, ತಿಳಿನೀರಿನ ಬಕೀಟಿನಲ್ಲಿ ಬಟ್ಟಲನ್ನು ತೇಲಬಿಟ್ಟೆವು. ಮೊಮ್ಮಗಳು ಕೈಯ ಫೋನಿನಲ್ಲಿ ನಿಮಿಷ ಎಣಿಸಿದಳು. ಮನೆಮಂದಿಯೆಲ್ಲ ಸುತ್ತ ಕುಳಿತರು. ನೀರು ತಳದಿಂದ ದಾರದಷ್ಟು ಸಣ್ಣಗೆ ಏರುತ್ತ, ಅಂಚಿಗೆ ಬಂದು, ಬಟ್ಟಲು ಒಮ್ಮೆ ‘ಗುಳಕ್’ ಎಂದು ಮುಳುಗಿದಾಗ 23 ನಿಮಿಷಗಳಾಗಿದ್ದವು. ಒಂದು ನಿಮಿಷ ಕಡಿಮೆ. ತೂತು ತುಸು ಸವೆದಿರಬೇಕು. ಭಂಗಾರದವನು ತೂಗಿ ಬೆಲೆ ಹೇಳಿಯಾಗಿತ್ತು; ಆ ಬಟ್ಟಲನ್ನು ಅವನಿಗೆ ಕೊಡಲಿಲ್ಲ.

ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಕಥೆಯನ್ನು ನೀವು ಕೇಳಿರಬಹುದು. ಘಳಿಗೆ ಬಟ್ಟಲಿನೊಳಗೆ ಇಣುಕಿದಾಗ ಅವಳ ಒಡವೆಯ ಮುತ್ತೊಂದು ಬಿದ್ದು ತೂತನ್ನು ಮುಚ್ಚಿತು, ಬಟ್ಟಲು ಮುಳುಗದೆ ಲಗ್ನದ ಮುಹೂರ್ತವು ಮೀರಿಹೋಯಿತು ಎಂಬದು ಆ ಕಥೆ. ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಆ ಗಣಿತಗ್ರಂಥವನ್ನು ಪಾರಸಿಗೆ ತಿರುಗಿಸುವಾಗ ಇದನ್ನು ಬರೆದನು. ನಿಜವೋ ಕಟ್ಟುಕಥೆಯೋ, ಅದು ಮುತ್ತಿನಿಂದ ಮುಚ್ಚಿದ ತೂತು. ನಮ್ಮಲ್ಲಿ ಅದನ್ನು ಮೇಣದಿಂದ ಮುಚ್ಚಿದ್ದರು. ಬಟ್ಟಲು ಮನೆಯಲ್ಲಿಯೇ ಇತ್ತು, ದಿನವೂ ಕೈಗೆ ಬರುತ್ತಿತ್ತು. ಅದು ಏನೆಂಬದು ಮಾತ್ರ ಮನೆಯಿಂದ ಹೋಗಿಬಿಟ್ಟಿತ್ತು. ಆಯಿಯವರು ಅಂದು ಮಧ್ಯಾಹ್ನ ನಿದ್ದೆ ಹೋಗಿದ್ದರೆ ಅದು ತೂತುಬಿದ್ದ ತಾಮ್ರವಾಗಿಯೇ ತಕ್ಕಡಿಗೆ ಏರುತ್ತಿತ್ತು.

ಈಗಿನ ಅಡಿಗೆಮನೆಯ ಘಳಿಗೆ ಬಟ್ಟಲೆಂದರೆ ಕುಕ್ಕರು. ಪ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲಿಯೇ ಅದರ ಮೂಲರೂಪವನ್ನು ತೋರಿಸಿದ್ದನು. ನಮ್ಮ ದೇಶದಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಕುಕ್ಕರುಗಳು ಬಂದುದು 1959ರ ಸುಮಾರಿಗೆ. ಒತ್ತಡದಿಂದಾಗಿ ಒಳಗಿನ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುವದರಿಂದ ಬೇಳೆ ಬೇಗ ಬೇಯುವದು. ಆವಿ ತುಂಬಿದ ಮೇಲೆ ಉರಿ ತಗ್ಗಿಸಿ ನಿಮಿಷಗಳನ್ನು ಎಣಿಸಿರೆಂಬದು ತಯಾರಕರ ಪುಸ್ತಿಕೆಯ ಸೂಚನೆ. ನಮ್ಮ ಹೆಣ್ಣುಮಕ್ಕಳು ಪುಸ್ತಿಕೆಯನ್ನು ಬದಿಗಿಟ್ಟು ಸೀಟಿಗಳನ್ನು ಎಣಿಸಿದರು. ಅನ್ನಕ್ಕೆ ಇಷ್ಟು, ತೊಗರಿಬೇಳೆಗೆ ಇಷ್ಟು, ಕಡಲೆಗೆ ಇಷ್ಟು ಎಂದು ಮನೆಮನೆಗೆ ಬೇರೆಯ ಲೆಕ್ಕ. ಶಾಸ್ತ್ರಕ್ಕೆ ಇದು ಒಪ್ಪದಿರಬಹುದು. ಆದರೆ ಪಡಸಾಲೆಯಲ್ಲಿ ಕುಳಿತ ಮಗುವಿಗೆ ‘ಎಷ್ಟು ಸೀಟಿ ಆದವು, ಎಣಿಸು’ ಎಂದು ಒಪ್ಪಿಸಬಲ್ಲ ಗಡಿಯಾರ ಬೇರೆ ಯಾವುದುಂಟು?

ಬೀಸುಕಲ್ಲಿನ ಸಂಗತಿಯು ಇದಕ್ಕಿಂತ ಆಳವಾದದ್ದು. ಕೋಳಿ ಕೂಗುವ ಮೊದಲು ಕುಳಿತು, ಗೂಟ ಹಿಡಿದು, ಹಾಡಿನ ಮೇಲೆ ಹಾಡು ಹಾಡುತ್ತ ಬೀಸುವದು. ಎಷ್ಟು ಹಾಡು ಮುಗಿದವು ಎಂಬದರಿಂದ ಎಷ್ಟು ಜೋಳ ಬೀಸಿಯಾಯಿತು, ಬೆಳಗಿಗೆ ಎಷ್ಟು ಹೊತ್ತು ಉಳಿಯಿತು ಎಂದು ತಿಳಿಯುವದು. ಭೀಮೆಯ ಆಚೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರ ಬಳಗವು ಇಂಥ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡಿತು. ಆ ಬಳಗದ ದುಡಿಮೆಯಿಂದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆಗ ಕಲ್ಲು ಇನ್ನೂ ತಿರುಗುತ್ತಿತ್ತು. ಅವರು ಕಲ್ಲುಗಳನ್ನು ಕೂಡಿಹಾಕಲಿಲ್ಲ, ಹಾಡನ್ನು ಕೂಡಿಹಾಕಿದರು. ಕಲ್ಲನ್ನೇ ಆಯ್ದು ತಂದು ಸಾಲಾಗಿ ಇಟ್ಟು, ಹಾಡನ್ನು ಬಿಟ್ಟಿದ್ದರೆ ನಮಗೆ ಇಂದು ಏನು ಉಳಿಯುತ್ತಿತ್ತು?

ಹಾಗೆಂದು ವಸ್ತುಸಂಗ್ರಹವನ್ನು ನಾವು ಹಗುರಾಗಿ ಕಾಣುವವರಲ್ಲ. ಪುಣೆಯ ದಿನಕರ ಕೇಳಕರರು (1896–1990) ಕನ್ನಡಕದ ಅಂಗಡಿ ನಡೆಸುತ್ತಿದ್ದ ಗೃಹಸ್ಥರು. ದೀಪ, ಅಡಕೊತ್ತು, ಪಾತ್ರೆ, ಪೆಟ್ಟಿಗೆ ಎಂದು ಊರೂರು ಅಲೆದು ತಂದು, ಸಾವಿರಾರು ಮನೆಬಳಕೆಯ ವಸ್ತುಗಳನ್ನು ಕೂಡಿಸಿ, ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ಸಂಗ್ರಹಾಲಯ ಕಟ್ಟಿ, 1975ರಲ್ಲಿ ಸರಕಾರಕ್ಕೆ ಒಪ್ಪಿಸಿದರು. ನಮ್ಮ ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ನೋಡಲು ದೂರದೂರದಿಂದ ಜನ ಬರುವರು. ಖಡ್ಗ ಬಂದೂಕುಗಳಿಗೆ ಕಪಾಟು ದೊರೆಯಿತು. ಅದೇ ಊರಿನ ಒರಳುಕಲ್ಲಿನಲ್ಲಿ ಮಳೆನೀರು ನಿಂತು ನಾಯಿ ಕುಡಿಯುತ್ತಿದೆ. ಈ ತಾರತಮ್ಯವು ನಮಗೆ ಸರಿಗಾಣದು.

ಆದರೂ ಹಳೆಯದೆಂಬ ಒಂದೇ ಕಾರಣಕ್ಕೆ ಕಣ್ಣೀರಿಡುವದು ಬೇಡ. ಬೀಸುಕಲ್ಲನ್ನು ಹೊಗಳುವ ಗಂಡಸರು ಒಂದು ಪಾಯಲಿ ಜೋಳವನ್ನು ಬೀಸಿ ನೋಡಲಿ. ಭುಜ ಹಿಡಿದು ಹೋದ ತಾಯಂದಿರು ಹಿಟ್ಟಿನ ಗಿರಣಿ ಬಂದ ದಿನ ದೀಪ ಹಚ್ಚಿ ನಮಸ್ಕರಿಸಿದ್ದರೆ ಆಶ್ಚರ್ಯವೇನು? ಪಂಪಿನ ಸ್ಟೋವಿನ ಭೋರ್ಗರೆತವನ್ನು ಈಗ ನೆನೆದು ಹಿಗ್ಗುವವರು, ಅದರ ಬಾಯಿಗೆ ಪಿನ್ನು ಹಾಕಿ ಹಾಕಿ ಬೆರಳು ಸುಟ್ಟುಕೊಂಡವರನ್ನು ಒಂದು ಮಾತು ಕೇಳಲಿ. ಸಲಕರಣೆಯು ಹೋಗಲಿ, ಹೋಗುವದೇ ನ್ಯಾಯ. ಅದರೊಡನೆ ಅದರ ಹೆಸರೂ ಬಳಕೆಯ ಬಗೆಯೂ ಹೋಗಬೇಕೆಂಬ ನಿಯಮವಿಲ್ಲ.

ಗಡಿನಾಡಿನಲ್ಲಿ ಈ ಮಾತಿಗೆ ಇನ್ನೂ ಒಂದು ತೂಕವುಂಟು. ಪೇಟೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ನಾವು ಮರಾಠಿಯನ್ನು ಆಡುತ್ತೇವೆ. ಅದು ನಮ್ಮ ನೆರೆಯ ಭಾಷೆ, ನಮಗೆ ಪ್ರಿಯವಾದದ್ದೇ. ಅಡಕೊತ್ತು, ಅಡಕಿತ್ತಾ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಅಂದು ನೋಡಿದರೆ ಎರಡು ಮನೆಗಳ ಕೊಡುಕೊಳ್ಳುವಿಕೆ ಕಿವಿಗೇ ತಿಳಿಯುವದು. ಆದರೆ ಗಡಿಗೆ, ಮಗಿ, ಹರವಿ, ಒನಕೆ ಎಂಬ ಮಾತುಗಳು ಶಾಲೆಯ ಪಾಠದಲ್ಲಿ ವಿರಳ. ಅವು ಬದುಕಿರುವದು ಒಲೆಯ ಮುಂದೆ, ಅಜ್ಜಿಯರ ಬಾಯಲ್ಲಿ.

ಅದಕ್ಕಾಗಿ ಈ ಸಂಘದ ಮುಂದೆ ಒಂದು ಸಣ್ಣ ಬೇಡಿಕೆ. ದೊಡ್ಡ ಕಟ್ಟಡ ಬೇಡ, ಗಾಜಿನ ಕಪಾಟು ಬೇಡ. ಒಂದು ಗಟ್ಟಿ ರಟ್ಟಿನ ನೋಂದಣಿ ಪುಸ್ತಕ ಸಾಕು. ದೀಪಾವಳಿಯ ಸೂಟಿಯಲ್ಲಿ ನಮ್ಮ ಕನ್ನಡ ಶಾಲೆಗಳ ಮಕ್ಕಳು ತಂತಮ್ಮ ಮನೆಯ ಒಂದೊಂದು ಹಳೆಯ ಸಲಕರಣೆಯನ್ನು ನೋಡಿ ಬರೆದು ತರಲಿ. ಮನೆಯಲ್ಲಿ ಅದಕ್ಕೆ ಏನು ಅನ್ನುವರು, ಏತರಿಂದ ಮಾಡಿದ್ದು, ಎಲ್ಲಿ ಕೊಂಡದ್ದು, ಸಿದ್ಧೇಶ್ವರನ ಜಾತ್ರೆಯಲ್ಲಿಯೋ ಮಂಗಳವಾರ ಪೇಟೆಯಲ್ಲಿಯೋ, ಯಾರು ಬಳಸಿದರು, ಯಾವಾಗ ಬಿಟ್ಟರು, ಅದರಿಂದ ಕೆಲಸ ಮುಗಿಯಿತೆಂದು ಹೇಗೆ ತಿಳಿಯುತ್ತಿತ್ತು. ಈ ಕೊನೆಯ ಪ್ರಶ್ನೆಯನ್ನು ಮರೆಯದೆ ಕೇಳಬೇಕು. ಘಳಿಗೆಯ ಲೆಕ್ಕವೆಲ್ಲ ಅದರಲ್ಲಿದೆ. ಅಜ್ಜಿ ಹೇಳಿದ ಮಾತನ್ನು ಅವಳು ಅಂದಂತೆಯೇ ಬರೆಯಬೇಕು. ‘ಘಳಿಗಿ’ ಎಂದರೆ ‘ಘಳಿಗಿ’ ಎಂದೇ. ಗುರುಗಳು ಕೆಂಪು ಶಾಯಿಯಿಂದ ಅದನ್ನು ‘ಘಳಿಗೆ’ ಎಂದು ತಿದ್ದಬಾರದು. ಮೊದಲ ಪುಟಕ್ಕೆ ಅಕ್ಕಲಕೋಟೆ ತಾಲೂಕಿನ ಆ ತಾಮ್ರದ ಬಟ್ಟಲಿನ ವಿವರವನ್ನು ನಾವೇ ಬರೆದು ತಂದಿದ್ದೇವೆ, ಕಾರ್ಯದರ್ಶಿಗಳು ಸ್ವೀಕರಿಸಬೇಕು. ಎರಡನೆಯ ಪುಟವು ಖಾಲಿ ಇದೆ.